ಶೇ. 98 ನಿಖರ ಅಂತಾರೆ. ಯಾರ ಮೇಲೆ ಪರೀಕ್ಷಿಸಿ ನೋಡಿದ್ರು?

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯನ್ನು ಪತ್ತೆ ಹಚ್ಚುವ ಅಂತರರಾಷ್ಟ್ರೀಯ ಮಾನದಂಡಗಳು ಮತ್ತೆ ಬದಲಾಗಿವೆ. ಮೆಕ್‌ಡೊನಾಲ್ಡ್ ಮಾನದಂಡ ಅಂತ ಇವುಗಳ ಹೆಸರು. ಮೊದಲು ಬಂದಿದ್ದು 2001ರಲ್ಲಿ. ಆಮೇಲೆ 2005, 2010, 2017ರಲ್ಲಿ ತಿದ್ದುಪಡಿಯಾದವು. ಈಗಿನದು 2024ರ ತಿದ್ದುಪಡಿ. ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಪ್ರಕಟವಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಇದರಲ್ಲಿ ಹೊಸ ಎಂಆರ್‌ಐ ಗುರುತುಗಳಿವೆ, ಬೆನ್ನಿನಿಂದ ತೆಗೆದ ದ್ರವದ ಮೇಲೆ ಮಾಡುವ ಹೊಸ ಪರೀಕ್ಷೆ ಇದೆ, ಕಣ್ಣಿನ ನರವೂ ಲೆಕ್ಕಕ್ಕೆ ಬಂದಿದೆ. ಕೆಲವು ಸಂದರ್ಭಗಳಲ್ಲಿ ಯಾವ ತೊಂದರೆಯೂ ಕಾಣಿಸದ ವ್ಯಕ್ತಿಗೂ, ಸ್ಕ್ಯಾನ್ ಮತ್ತು ದ್ರವದ ಆಧಾರದ ಮೇಲೆ, 'ನಿಮಗೆ ಎಂಎಸ್ ಇದೆ' ಅಂತ ಹೇಳಬಹುದು ಎನ್ನುವಷ್ಟು ದೂರ ಈ ತಿದ್ದುಪಡಿ ಹೋಗಿದೆ.

ಇದು ನರರೋಗ ತಜ್ಞರ ಸಮಾವೇಶದ ವಿಷಯ, ನಮಗ್ಯಾಕೆ ಅನ್ನಬೇಡಿ. ದಕ್ಷಿಣ ಬೆಂಗಳೂರಿನಲ್ಲಿ ಇರುವವರಿಗಂತೂ ಇದು ಪಕ್ಕದ ಬೀದಿಯ ವಿಷಯ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಂದ ಜಯನಗರ, ಬಿಟಿಎಂ ಲೇಔಟ್, ಜೆ.ಪಿ. ನಗರ, ಬನಶಂಕರಿಯ ತನಕ ಆಸ್ಪತ್ರೆ, ಸ್ಕ್ಯಾನಿಂಗ್ ಸೆಂಟರ್, ರಕ್ತ ತೆಗೆಯುವ ಕಲೆಕ್ಷನ್ ಸೆಂಟರ್‌ಗಳ ಸಾಲು. ಕರ್ನಾಟಕದ ಎಲ್ಲ ಜಿಲ್ಲೆಗಳಿಂದ, ಆಂಧ್ರ, ತಮಿಳುನಾಡಿನಿಂದ ಜನ ಬಸ್ ಹತ್ತಿ ಬರುವುದು ಇಲ್ಲಿಗೇ. ಹೊಸ ಮಾನದಂಡ ಬಂತು ಅಂದ್ರೆ ಹೊಸ ಪರೀಕ್ಷೆ ಬಂತು, ಹೊಸ ಪ್ಯಾಕೇಜ್ ಬಂತು, ಹೊಸ ಬಿಲ್ಲೂ ಬಂತು.

ನಾನು ವೈದ್ಯ ಅಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು, ಬನಶಂಕರಿಯಲ್ಲಿ ವಾಸ. ಹಾಗಾಗಿ ಯಾರಿಗೆ ಯಾವ ಔಷಧಿ ಕೊಡಬೇಕು ಅನ್ನೋದರ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ನನ್ನ ಪ್ರಶ್ನೆ ಒಂದೇ. ಒಂದು ಪರೀಕ್ಷೆ 'ಶೇ. 98 ನಿಖರ' ಅಂತ ಕಿಟ್ ಮೇಲೆ ಬರೆದಿರುತ್ತದಲ್ಲ, ಆ 98 ಎಲ್ಲಿಂದ ಬಂತು? ಯಾರ ಮೇಲೆ ಪರೀಕ್ಷಿಸಿ ನೋಡಿದರು? ಅವರು ನಮ್ಮ ಸಾಲಿನಲ್ಲಿ ನಿಂತಿರುವವರ ಥರದವರೇ?

ಒಂದೇ ಪರೀಕ್ಷೆಯಲ್ಲಿ ಸಿಗದ ಕಾಯಿಲೆ

ಎಂಎಸ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಹೊದಿಕೆಯನ್ನು ಹಾಳು ಮಾಡುವ ಕಾಯಿಲೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದುಹೋದರೆ ಕರೆಂಟ್ ಸರಿಯಾಗಿ ಹರಿಯಲ್ಲ, ಹಾಗೆ. ಒಂದು ದಿನ ಕಣ್ಣು ಮಂಜಾಗುತ್ತದೆ, ಇನ್ನೊಂದು ವರ್ಷ ಕಾಲು ಜೋಮು ಹಿಡಿಯುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಬರುವಂಥದ್ದು. 2020ರ ಜಾಗತಿಕ ಎಂಎಸ್ ಅಟ್ಲಾಸ್ ಪ್ರಕಾರ ಪ್ರಪಂಚದಲ್ಲಿ ಸುಮಾರು 28 ಲಕ್ಷ ಜನರಿಗೆ ಈ ಕಾಯಿಲೆ ಇದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಇದರ ಹೆಸರಿದೆ.

ಮಧುಮೇಹಕ್ಕೆ ಸಕ್ಕರೆ ಅಂಶ ಅಳೆದ ಹಾಗೆ ಎಂಎಸ್‌ಗೆ ಅಳೆಯುವ ಒಂದು ವಸ್ತು ಇಲ್ಲ. ರೋಗಿ ಹೇಳಿದ ಕಥೆ, ವೈದ್ಯರ ಸುತ್ತಿಗೆ, ಎಂಆರ್‌ಐ ಕಲೆಗಳು, ಬೆನ್ನಿನ ದ್ರವದಲ್ಲಿ ಕಾಣುವ ಪ್ರೋಟೀನ್ ಪಟ್ಟಿಗಳು ಎಲ್ಲವನ್ನೂ ಕೂಡಿಸಿ, 'ಬೇರೆ ಯಾವುದೂ ಅಲ್ಲ' ಅಂತ ಖಾತ್ರಿಯಾದ ಮೇಲೆ ಹೆಸರಿಡಬೇಕು. ತೊಂದರೆ ಶುರುವಾಗೋದು ಇಲ್ಲಿ. ಪರೀಕ್ಷೆ ಸರಿಯೋ ತಪ್ಪೋ ಅಂತ ನೋಡಬೇಕಾದರೆ ರೋಗ ನಿಜವಾಗಿ ಇದೆಯೋ ಇಲ್ಲವೋ ಅಂತ ಬೇರೆ ದಾರಿಯಲ್ಲಿ ಗೊತ್ತಿರಬೇಕು. ಎಂಎಸ್‌ನಲ್ಲಿ ಆ ಬೇರೆ ದಾರಿ ಅಂದರೆ ವರ್ಷಗಟ್ಟಲೆ ಕಾದು ನೋಡುವುದು. ಅಷ್ಟು ಕಾಯೋರು ಯಾರು? ಹಾಗಾಗಿ ಎಷ್ಟೋ ಅಧ್ಯಯನಗಳು ಎಂಆರ್‌ಐ ಸೇರಿಸಿಯೇ ಕೊಟ್ಟ ತೀರ್ಪಿನ ಎದುರು ಎಂಆರ್‌ಐಯನ್ನೇ ತೂಗುತ್ತವೆ. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರ ಬರೆದು, ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ ಇದು.

2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪೆನ್ನಿ ವೈಟಿಂಗ್ ಮತ್ತು ಸಂಗಡಿಗರು ಇದೇ ವಿಷಯವನ್ನು ಹಿಡಿದುಕೊಂಡು ಒಂದು ವಿಮರ್ಶೆ ಪ್ರಕಟಿಸಿದರು. ಎಂಎಸ್ ಪತ್ತೆಯಲ್ಲಿ ಎಂಆರ್‌ಐ ಎಷ್ಟು ನಂಬಿಕಸ್ಥ ಅಂತ ನೋಡಲು 29 ಅಧ್ಯಯನಗಳನ್ನು ಜಾಲಾಡಿದರು. 'ಇವರಿಗೆ ರೋಗ ಇದೆ, ಇವರಿಗೆ ಇಲ್ಲ' ಅಂತ ಮೊದಲೇ ಗೊತ್ತಿರುವ ಎರಡು ಗುಂಪು ಇಟ್ಟುಕೊಂಡು ಮಾಡಿದ ಅಧ್ಯಯನಗಳಲ್ಲಿ ಎಂಆರ್‌ಐ ಚೆನ್ನಾಗಿ ಕೆಲಸ ಮಾಡುವ ಹಾಗೆ ಕಂಡಿತ್ತು. ಅನುಮಾನದ ಮೇಲೆ ಬಂದವರನ್ನು ಸಾಲಾಗಿ ತೆಗೆದುಕೊಂಡು, ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಅದೇ ಎಂಆರ್‌ಐಯ ಹೊಳಪು ಕಡಿಮೆಯಾಗಿತ್ತು. ಹತ್ತಕ್ಕಿಂತ ಹೆಚ್ಚು ಕಲೆಗಳು ಕಂಡರೂ ರೋಗದ ಪರವಾದ ತೂಕ ಮೂರು ಪಟ್ಟು ಏರುತ್ತಿತ್ತು, ಅಷ್ಟೇ. ಹತ್ತು ವರ್ಷ ಮೀರಿ ರೋಗಿಗಳನ್ನು ಹಿಂಬಾಲಿಸಿದ ಒಳ್ಳೆಯ ಅಧ್ಯಯನಗಳು ಬರೀ ಎರಡು.

ಆಗಿನ ಯಂತ್ರಗಳು ಹಳೆಯವು, ಈಗಿನವು ಎಷ್ಟೋ ಉತ್ತಮ, ಒಪ್ಪಿದೆ. ಆದರೆ ಆ ವಿಮರ್ಶೆ ತೋರಿಸಿದ ರೋಗ ಯಂತ್ರದ್ದಲ್ಲ, ಸಂಶೋಧನೆಯ ವಿನ್ಯಾಸದ್ದು. ಅದಕ್ಕೂ ಏಳು ವರ್ಷ ಮೊದಲು, 1999ರಲ್ಲಿ, ನೆದರ್ಲೆಂಡ್ಸ್‌ನ ಸಂಶೋಧಕರು ಬೇರೆ ಬೇರೆ ಕಾಯಿಲೆಗಳ ಪರೀಕ್ಷೆಗಳನ್ನು ಒಟ್ಟಿಗೆ ನೋಡಿ ಇದನ್ನೇ ಹೇಳಿದ್ದರು: ಢಾಳಾಗಿ ಕಾಯಿಲೆ ಇರುವವರನ್ನು ಒಂದು ಕಡೆ, ಗಟ್ಟಿಮುಟ್ಟಾದವರನ್ನು ಇನ್ನೊಂದು ಕಡೆ ನಿಲ್ಲಿಸಿದರೆ ಯಾವ ಪರೀಕ್ಷೆಯೂ ಜಾಣ ಅನ್ನಿಸಿಕೊಳ್ಳುತ್ತದೆ. ಆನೆಗೂ ಇಲಿಗೂ ವ್ಯತ್ಯಾಸ ಹೇಳೋಕೆ ಪರೀಕ್ಷೆ ಯಾಕೆ? ವೈದ್ಯರಿಗೆ ಬೇಕಾಗಿರೋದು ಇಲಿಗೂ ಸುಂಡಿಲಿಗೂ ಇರುವ ವ್ಯತ್ಯಾಸ.

ನೂರಕ್ಕೆ ನೂರು ಬಂದ ಪರೀಕ್ಷೆಯ ಕಥೆ

ಈ ತಪ್ಪು ಎಷ್ಟು ದುಬಾರಿ ಆಗಬಹುದು ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ನಮ್ಮ ಕಣ್ಣೆದುರೇ ನಡೆದಿದೆ. 2009ರಲ್ಲಿ ಇಟಲಿಯ ಫೆರಾರಾದ ಪಾವೊಲೊ ಝಂಬೋನಿ ಎಂಬ ರಕ್ತನಾಳ ತಜ್ಞರು, ಕುತ್ತಿಗೆಯ ರಕ್ತನಾಳಗಳು ಕಿರಿದಾಗಿ ರಕ್ತ ಹಿಂದಕ್ಕೆ ನಿಲ್ಲುವುದಕ್ಕೂ ಎಂಎಸ್‌ಗೂ ನಂಟಿದೆ ಅಂದರು. ಡಾಪ್ಲರ್ ಸ್ಕ್ಯಾನ್‌ನಲ್ಲಿ 65 ಎಂಎಸ್ ರೋಗಿಗಳನ್ನೂ 235 ಇತರರನ್ನೂ ಹೋಲಿಸಿದ್ದರು. ಫಲಿತಾಂಶ ಏನು ಗೊತ್ತಾ? ನೂರಕ್ಕೆ ನೂರು. ರೋಗ ಇದ್ದವರಲ್ಲಿ ಒಬ್ಬರನ್ನೂ ಬಿಡಲಿಲ್ಲ, ಇಲ್ಲದವರಲ್ಲಿ ಒಬ್ಬರನ್ನೂ ತಪ್ಪಾಗಿ ಹಿಡಿಯಲಿಲ್ಲ.

ವೈದ್ಯಶಾಸ್ತ್ರದಲ್ಲಿ ನೂರಕ್ಕೆ ನೂರು ಅಂದ ತಕ್ಷಣ ಅನುಮಾನ ಬರಬೇಕು. ಬದಲಿಗೆ ಬಂದಿದ್ದು ವಿಮಾನ. ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ 'ಲಿಬರೇಶನ್' ಅಂತ ಹೆಸರಾಯಿತು. ಕೆನಡಾದಲ್ಲಿ ಅನುಮತಿ ಇಲ್ಲದ್ದರಿಂದ ಅಲ್ಲಿನ ರೋಗಿಗಳು ಸಾಲ ಮಾಡಿ, ಊರಲ್ಲಿ ಚಂದಾ ಎತ್ತಿ ಪೋಲೆಂಡ್, ಮೆಕ್ಸಿಕೋ, ಕೋಸ್ಟರಿಕಾಗಳಿಗೆ ಹೋದರು. ಭಾರತದ ಖಾಸಗಿ ಆಸ್ಪತ್ರೆಗಳಿಗೂ ಬಂದರು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಯ ಅಪಾಯಗಳ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು.

2013ರಲ್ಲಿ ಕೆನಡಾದ ಸಂಶೋಧಕರು, ಚಿತ್ರ ನೋಡುವವರಿಗೆ ಯಾರು ರೋಗಿ ಯಾರು ಅಲ್ಲ ಅಂತ ತಿಳಿಸದೆ ಪರೀಕ್ಷೆ ಮಾಡಿಸಿದರು. ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದದ್ದು ಎಂಎಸ್ ರೋಗಿಗಳಲ್ಲಿ ಶೇ. 74, ಅವರ ಒಡಹುಟ್ಟಿದವರಲ್ಲಿ ಶೇ. 66, ಸಂಬಂಧವೇ ಇಲ್ಲದ ಆರೋಗ್ಯವಂತರಲ್ಲಿ ಶೇ. 70. ಅಂದರೆ ಅದು ರೋಗವೇ ಅಲ್ಲ, ಮನುಷ್ಯರ ಕುತ್ತಿಗೆ ಇರೋದೇ ಹಾಗೆ. ಕೊನೆಗೆ ಝಂಬೋನಿಯವರೇ ನಡೆಸಿದ ಚಿಕಿತ್ಸಾ ಪ್ರಯೋಗದ ಫಲಿತಾಂಶ 2017ರ ಕೊನೆಗೆ ಬಂತು: ಬಲೂನಿನಿಂದ ಪ್ರಯೋಜನ ಇಲ್ಲ. ಅದನ್ನು ಪ್ರಕಟಿಸಿದ ಅವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಆದರೆ ಎಂಟು ವರ್ಷ, ಜನರ ಉಳಿತಾಯ, ಎಷ್ಟೋ ಮನೆಗಳ ಆಸೆ ಅಷ್ಟರಲ್ಲಿ ಹೋಗಿಯಾಗಿತ್ತು.

ಇದೊಂದೇ ಅಲ್ಲ. 2012ರಲ್ಲಿ ಜರ್ಮನಿಯ ತಂಡವೊಂದು ಎಂಎಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಕೆಐಆರ್4.1 ಅನ್ನುವ ಪ್ರೋಟೀನಿನ ವಿರುದ್ಧ ಪ್ರತಿಕಾಯ ಇದೆ ಅಂತ ನ್ಯೂ ಇಂಗ್ಲೆಂಡ್ ಜರ್ನಲ್‌ನಂಥ ದೊಡ್ಡ ಪತ್ರಿಕೆಯಲ್ಲಿ ಬರೆಯಿತು. ರಕ್ತಪರೀಕ್ಷೆ ಸಿಕ್ಕೇಬಿಟ್ಟಿತು ಅಂದುಕೊಂಡರು. 2014ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಹುಡುಕಿದಾಗ ಎಂಎಸ್‌ಗೇ ಮೀಸಲಾದ ಅಂಥ ಪ್ರತಿಕಾಯ ಅವರಿಗೆ ಸಿಗಲಿಲ್ಲ.

ಸಾವಿರ ಜನರ ಲೆಕ್ಕ

ಸರಿ, ಸುಳ್ಳು ಪರೀಕ್ಷೆಗಳು ಬಿದ್ದುಹೋದವು. ನಿಜವಾಗಿ ಒಳ್ಳೆಯ ಪರೀಕ್ಷೆಗಳ ಕಥೆ ಏನು? ಇಲ್ಲಿ ನನ್ನ ಮೇಷ್ಟ್ರ ಕೆಲಸ ಸ್ವಲ್ಪ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ಒಂದು ರಕ್ತಪರೀಕ್ಷೆ ರೋಗ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ರೋಗ ಇಲ್ಲದ 100 ಜನರಲ್ಲಿ 98 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಅಂತ ಇಟ್ಟುಕೊಳ್ಳಿ. ತುಂಬಾ ಒಳ್ಳೆಯ ಪರೀಕ್ಷೆ. ತಜ್ಞರು ಆರಿಸಿ ಕಳಿಸಿದ 1000 ಜನರಲ್ಲಿ 50 ಜನರಿಗೆ ನಿಜವಾಗಿ ಆ ರೋಗ ಇದೆ. ಅವರಲ್ಲಿ 45 ಜನ ಪಾಸಿಟಿವ್. ಉಳಿದ 950 ಜನರಲ್ಲಿ ಶೇ. 2ರಷ್ಟು, ಅಂದರೆ 19 ಜನ ಸುಮ್ಮನೆ ಪಾಸಿಟಿವ್. ಒಟ್ಟು 64 ಪಾಸಿಟಿವ್‌ಗಳಲ್ಲಿ 45 ನಿಜ, ಸುಮಾರು ಶೇ. 70.

ಈಗ ಅದೇ ಪರೀಕ್ಷೆಯನ್ನು ತಲೆನೋವು, ಕೈ ಜೋಮು ಅಂತ ಬಂದವರಿಗೆಲ್ಲ ಪ್ಯಾಕೇಜ್‌ನಲ್ಲಿ ಸೇರಿಸಿ ಮಾಡಿಸಿ. 1000 ಜನರಲ್ಲಿ 10 ಜನರಿಗೆ ಮಾತ್ರ ರೋಗ. 9 ನಿಜ ಪಾಸಿಟಿವ್, ಸುಮಾರು 20 ಸುಳ್ಳು ಪಾಸಿಟಿವ್. ಪಾಸಿಟಿವ್ ಬಂದ ಮೂವರಲ್ಲಿ ಇಬ್ಬರಿಗೆ ರೋಗವೇ ಇಲ್ಲ! ಕಿಟ್ ಅದೇ, ಲ್ಯಾಬ್ ಅದೇ, 'ಶೇ. 98' ಅದೇ. ಬದಲಾಗಿದ್ದು ಸಾಲಿನಲ್ಲಿ ನಿಂತ ಜನ.

ಇದು ಬರೀ ಬೋರ್ಡಿನ ಮೇಲಿನ ಲೆಕ್ಕ ಅಲ್ಲ. ಎಂಎಸ್‌ನ ಹಾಗೇ ಕಾಣುವ, ಆದರೆ ಬೇರೆಯೇ ಆದ ಒಂದು ಕಾಯಿಲೆಗೆ ಎಂಒಜಿ ಪ್ರತಿಕಾಯದ ಪರೀಕ್ಷೆ ಮಾಡುತ್ತಾರೆ. ಈ ಪರೀಕ್ಷೆಯಲ್ಲಿ ಜಗತ್ತಿಗೇ ಹೆಸರಾದ ಮೇಯೋ ಕ್ಲಿನಿಕ್ 2021ರಲ್ಲಿ ತನ್ನದೇ ಲೆಕ್ಕ ಬಿಚ್ಚಿಟ್ಟಿತು. 1260 ರೋಗಿಗಳಲ್ಲಿ 92 ಜನ ಪಾಸಿಟಿವ್. ಅವರಲ್ಲಿ ನಿಜವಾಗಿ ಆ ಕಾಯಿಲೆ ಇದ್ದದ್ದು 66 ಜನರಿಗೆ, ಅಂದರೆ ಶೇ. 72. ಪ್ರತಿಕಾಯದ ಮಟ್ಟ ಜೋರಾಗಿದ್ದಾಗ ಎಲ್ಲ ಪಾಸಿಟಿವ್‌ಗಳೂ ಸರಿ. ಮಟ್ಟ ತೀರಾ ಕಡಿಮೆ ಇದ್ದಾಗ ಹೆಚ್ಚುಕಮ್ಮಿ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಆ ಪರೀಕ್ಷೆ ಕೂಡ ರೋಗ ಇಲ್ಲದವರಲ್ಲಿ ಶೇ. 98ರಷ್ಟು ಜನರನ್ನು ಸರಿಯಾಗಿ ಬಿಟ್ಟಿತ್ತು ಅನ್ನೋದನ್ನ ಗಮನಿಸಿ.

ಇದೇ ಕಾರಣಕ್ಕೆ 2023ರ ಅಂತರರಾಷ್ಟ್ರೀಯ ಮಾನದಂಡ, ಎಂಒಜಿ ಪಾಸಿಟಿವ್ ಕಡಿಮೆ ಮಟ್ಟದ್ದಾದರೆ, ಅಥವಾ ಎಷ್ಟು ಮಟ್ಟ ಅಂತ ಲ್ಯಾಬ್ ಹೇಳಿಯೇ ಇಲ್ಲದಿದ್ದರೆ, ಅದೊಂದನ್ನೇ ನಂಬಬೇಡಿ, ಬೇರೆ ಪುರಾವೆ ಬೇಕು ಅನ್ನುತ್ತದೆ.

ನನ್ನ ಅಕ್ಕನ ಮಗಳಿಗೆ ಒಂದು ಕಣ್ಣು ಮಂಜಾದಾಗ ಮಾಡಿಸಿದ ಇದೇ ಪರೀಕ್ಷೆಯ ವರದಿ ನನ್ನ ಕೈಗೆ ಬಂದಿತ್ತು. 'ವೀಕ್ ಪಾಸಿಟಿವ್' ಎಂಬ ಎರಡು ಪದ, ಕೆಳಗೆ ಒಂದು ಸಹಿ. ಮಟ್ಟ ಎಷ್ಟು, ಯಾವ ವಿಧಾನ, ಯಾವುದೂ ಇಲ್ಲ. ಲ್ಯಾಬಿಗೆ ಫೋನ್ ಮಾಡಿ ಕೇಳಿದರೆ, 'ಸಾರ್, ನಮ್ಮ ಕಿಟ್ ನೈಂಟಿ ಏಯ್ಟ್ ಪರ್ಸೆಂಟ್ ಆಕ್ಯುರೇಟ್ ಸಾರ್, ಡೌಟೇ ಬೇಡ' ಅಂದರು. ಆ ಹುಡುಗಿ ಕೇಳಿದ್ದು ಇಷ್ಟೇ: 'ಮಾಮ, ನಂಗೆ ಇದೆಯಾ ಇಲ್ವಾ?' ಆ ಎರಡು ಪದದಿಂದ ಅದಕ್ಕೆ ಉತ್ತರ ಹೇಳೋಕೆ ಯಾವ ಸಂಖ್ಯಾಶಾಸ್ತ್ರಜ್ಞನಿಗೂ ಆಗಲ್ಲ. ಅವಳ ನರರೋಗ ತಜ್ಞರು ವರದಿಯನ್ನು ಪಕ್ಕಕ್ಕಿಟ್ಟು, ಮೂರು ತಿಂಗಳು ಬಿಟ್ಟು ಇನ್ನೊಂದು ಕಡೆ ಮತ್ತೆ ಮಾಡಿಸಿದರು, ನೆಗೆಟಿವ್ ಬಂತು. ಅವಳಿಗೆ ಅಂಥ ವೈದ್ಯರು ಸಿಕ್ಕಿದ್ದು ಅದೃಷ್ಟ. ಹಾಗಂತ ಒಂದು ನಗರದ ಆರೋಗ್ಯ ವ್ಯವಸ್ಥೆ ಅದೃಷ್ಟದ ಮೇಲೆ ನಡೆಯಬಾರದಲ್ವಾ?

ಹೆಸರು ತಪ್ಪಿದರೆ ಔಷಧಿಯೂ ತಪ್ಪು

ಹೆಸರು ತಪ್ಪಿದರೆ ಏನಾಯ್ತು, ಹೇಗೂ ಚಿಕಿತ್ಸೆ ಸಿಗುತ್ತಲ್ಲ ಅನ್ನುವವರಿದ್ದಾರೆ. ಇಲ್ಲ. ಲಾಸ್ ಏಂಜಲೀಸ್‌ನ ಎರಡು ದೊಡ್ಡ ಆಸ್ಪತ್ರೆಗಳಿಗೆ ಎಂಎಸ್ ಅಂತ ಹಣೆಪಟ್ಟಿ ಹಚ್ಚಿಸಿಕೊಂಡೇ ಬಂದ 241 ರೋಗಿಗಳನ್ನು ಮತ್ತೆ ಪರಿಶೀಲಿಸಿದಾಗ 43 ಜನರಿಗೆ, ಅಂದರೆ ಸುಮಾರು ಶೇ. 18ರಷ್ಟು ಮಂದಿಗೆ, ಎಂಎಸ್ ಇರಲೇ ಇಲ್ಲ ಅಂತ 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೆಲವರಿಗೆ ಇದ್ದದ್ದು ಮೈಗ್ರೇನ್. ಅವರೆಲ್ಲ ಒಟ್ಟು ಸೇರಿ ಸುಮಾರು 110 ವರ್ಷಗಳಷ್ಟು ಕಾಲ ಬೇಡದ ಔಷಧಿ ತೆಗೆದುಕೊಂಡಿದ್ದರು.

ನಮ್ಮಲ್ಲಿ ಅಪಾಯ ಇನ್ನೂ ಬೇರೆ ಥರದ್ದು. ನ್ಯೂರೋಮೈಲೈಟಿಸ್ ಆಪ್ಟಿಕಾ ಅನ್ನುವ ಇನ್ನೊಂದು ಕಾಯಿಲೆ ಇದೆ. ಇದೂ ಕಣ್ಣಿನ ನರ, ಬೆನ್ನುಹುರಿಗೆ ಹೊಡೆಯುವಂಥದ್ದು. ಏಷ್ಯಾದಲ್ಲಿ ಇದನ್ನು ದಶಕಗಟ್ಟಲೆ ಎಂಎಸ್‌ನದೇ ಒಂದು ರೂಪ ಅಂದುಕೊಂಡಿದ್ದರು. 2004ರಲ್ಲಿ ಇದಕ್ಕೆ ಪ್ರತ್ಯೇಕ ಪ್ರತಿಕಾಯ ಸಿಕ್ಕಿತು, ಮರುವರ್ಷ ಅದು ಅಕ್ವಾಪೋರಿನ್-4 ಎಂಬ ಪ್ರೋಟೀನಿನ ವಿರುದ್ಧದ್ದು ಅಂತ ಗೊತ್ತಾಯಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಾಲಿಝುಮ್ಯಾಬ್ ಈ ಕಾಯಿಲೆಯನ್ನು ಇನ್ನೂ ಕೆರಳಿಸಬಹುದು. ಹೆಸರು ತಪ್ಪಿ ಆ ಔಷಧಿ ಕೊಟ್ಟರೆ ಕಣ್ಣೇ ಹೋಗಬಹುದು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆ ಪಡುವ ಕಾರಣ ಇದೆ, ಅದು ಮಂಗಳೂರಿನಲ್ಲಿದೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಈ ಗುಂಪಿನ ಕಾಯಿಲೆಗಳಿಗೇ ಒಂದು ರಿಜಿಸ್ಟ್ರಿ ಕಟ್ಟಿದರು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಜ್ಞರ ಜೊತೆ ಸೇರಿ ದಕ್ಷಿಣ ಭಾರತದ ರೋಗಿಗಳ ರಕ್ತದಲ್ಲೇ ಪ್ರತಿಕಾಯಗಳನ್ನು ಪರೀಕ್ಷಿಸಿದರು, ಜೀವಕೋಶ ಆಧಾರಿತ ಪರೀಕ್ಷೆಯನ್ನು ಇಲ್ಲೇ ರೂಪಿಸಿದರು. ಮಂಗಳೂರು ನಗರದಲ್ಲಿ ಎಂಎಸ್ ಎಷ್ಟು ಜನರಿಗಿದೆ ಅಂತ ಎಣಿಸಿ 2014ರಲ್ಲಿ ಪ್ರಕಟಿಸಿದರು. ಲಕ್ಷಕ್ಕೆ ಹತ್ತರ ಒಳಗೆ. ಉತ್ತರ ಯೂರೋಪಿನ ಹಲವು ದೇಶಗಳಲ್ಲಿ, ಕೆನಡಾದಲ್ಲಿ ಇದು ಲಕ್ಷಕ್ಕೆ ನೂರನ್ನೂ ದಾಟುತ್ತದೆ. ಮೇಲೆ ಹೇಳಿದ ಸಾವಿರ ಜನರ ಲೆಕ್ಕ ನೆನಪಿಸಿಕೊಳ್ಳಿ. ರೋಗ ವಿರಳವಾದಷ್ಟೂ ಅದೇ ಪರೀಕ್ಷೆಯ ಸುಳ್ಳು ಪಾಸಿಟಿವ್ ಪಾಲು ಏರುತ್ತದೆ. ಮಂಗಳೂರಿನ ಆ ಎಣಿಕೆ ಇಲ್ಲದಿದ್ದರೆ ಇದನ್ನು ಹೇಳೋಕೂ ನಮ್ಮ ಹತ್ತಿರ ಆಧಾರ ಇರುತ್ತಿರಲಿಲ್ಲ.

ನಮ್ಮ ಸಾಲಿನಲ್ಲಿ ಯಾರಿದ್ದಾರೆ?

ಹೊಸ ಮಾನದಂಡಗಳ ಹಿಂದಿರುವ ಸಂಶೋಧನೆ ಹೆಚ್ಚಾಗಿ ನಡೆದಿರುವುದು ಯೂರೋಪ್ ಮತ್ತು ಉತ್ತರ ಅಮೆರಿಕದಲ್ಲಿ. ಅಲ್ಲಿ ಎಂಎಸ್ ಥರ ಕಾಣುವ ಕಾಯಿಲೆಗಳ ಪಟ್ಟಿ ಒಂದು. ನಮ್ಮಲ್ಲಿ ಆ ಪಟ್ಟಿ ಬೇರೆ. ಮಿದುಳಿನ ಕ್ಷಯ ಇದೆ. ಲಾಡಿಹುಳುವಿನ ಮರಿ ಮಿದುಳಿಗೆ ಸೇರಿ ಆಗುವ ಗಂಟು ಇದೆ. ದಡಾರದ ಎಷ್ಟೋ ವರ್ಷಗಳ ನಂತರ ಮಕ್ಕಳ ಮಿದುಳನ್ನು ತಿನ್ನುವ ಎಸ್‌ಎಸ್‌ಪಿಇ ಇದೆ. ಜಯನಗರ, ಬನಶಂಕರಿಯ ಸಸ್ಯಾಹಾರಿ ಮನೆಗಳಲ್ಲಿ ಮಾಮೂಲಿಯಾಗಿರುವ ಬಿ12 ಕೊರತೆ ಇದೆ. ಅದೂ ಬೆನ್ನುಹುರಿಯಲ್ಲಿ ಕಲೆ ಮೂಡಿಸಿ ಕಾಲು ಜೋಮು ಹಿಡಿಸುತ್ತದೆ, ಕೆಲವೊಮ್ಮೆ ಕಣ್ಣನ್ನೂ ಮಂಜಾಗಿಸುತ್ತದೆ.

ಬೆನ್ನಿನ ದ್ರವದಲ್ಲಿ ಕಾಣುವ ಪ್ರೋಟೀನ್ ಪಟ್ಟಿಗಳನ್ನೇ ತಗೊಳ್ಳಿ. ಆಲಿಗೋಕ್ಲೋನಲ್ ಬ್ಯಾಂಡ್ ಅಂತಾರೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಶೇ. 85ಕ್ಕೂ ಹೆಚ್ಚು ಎಂಎಸ್ ರೋಗಿಗಳಲ್ಲಿ ಇವು ಸಿಗುತ್ತವೆ. ಭಾರತದ ಹಲವು ವರದಿಗಳಲ್ಲಿ ಇದಕ್ಕಿಂತ ಸಾಕಷ್ಟು ಕಡಿಮೆ. ಲ್ಯಾಬಿನ ವಿಧಾನ ಸೂಕ್ಷ್ಮವಾಗಿರಲಿಲ್ಲ ಅನ್ನೋದು ಒಂದು ಕಾರಣ ಇರಬಹುದು. ಎಂಎಸ್ ಅಂತ ಎಣಿಸಿದವರಲ್ಲಿ ಬೇರೆ ಕಾಯಿಲೆಯವರೂ ಸೇರಿದ್ದರು ಅನ್ನೋದು ಇನ್ನೊಂದು. ಇದರ ಜೊತೆಗೆ ಎಸ್‌ಎಸ್‌ಪಿಇಯಲ್ಲಿ, ಮಿದುಳಿನ ಸೋಂಕುಗಳಲ್ಲಿ ಕೂಡ ಈ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಸೋಂಕು ವಿರಳವಾದ ದೇಶದಲ್ಲಿ ಈ ಪಟ್ಟಿ ಹೇಳುವ ಮಾತಿಗೂ ಸೋಂಕು ಸಾಮಾನ್ಯವಾದ ದೇಶದಲ್ಲಿ ಅದು ಹೇಳುವ ಮಾತಿಗೂ ಒಂದೇ ತೂಕ ಇರೋಕೆ ಸಾಧ್ಯ ಇಲ್ಲ.

ಹೊಸದಾಗಿ ಸೇರಿರುವ ಕ್ಯಾಪಾ ಫ್ರೀ ಲೈಟ್ ಚೈನ್ ಪರೀಕ್ಷೆಗೂ ಇದೇ ಪ್ರಶ್ನೆ. ಅದು ಬೇಗ ಆಗುತ್ತದೆ, ನೋಡುವವರ ಕಣ್ಣಿನ ಮೇಲೆ ಅವಲಂಬಿತವಲ್ಲ, ಸಣ್ಣ ಊರುಗಳಿಗೂ ಅನುಕೂಲ. ಆದರೆ ಯಾವ ಅಂಕಿ ದಾಟಿದರೆ ಪಾಸಿಟಿವ್ ಎಂಬ ಗೆರೆಯನ್ನು ನಮ್ಮ ಕ್ಷಯ ರೋಗಿಗಳ ದ್ರವದ ಮೇಲೂ ಪರೀಕ್ಷಿಸಿ ಎಳೆಯಬೇಕು. ಎಂಆರ್‌ಐಯ ಹೊಸ ಗುರುತು, ಕಲೆಯ ನಡುವೆ ಕಾಣುವ ಪುಟ್ಟ ರಕ್ತನಾಳ, ಮೈಗ್ರೇನ್ ಕಲೆಗಳಿಂದ ಎಂಎಸ್ ಕಲೆಯನ್ನು ಬೇರೆ ಮಾಡೋಕೆ ನಿಜಕ್ಕೂ ಉಪಯುಕ್ತ. ಆದರೆ ಅದಕ್ಕೆ ವಿಶೇಷ ಸೀಕ್ವೆನ್ಸ್ ಬೇಕು, ಒಳ್ಳೆಯ ಯಂತ್ರ ಬೇಕು, ಪಳಗಿದ ಕಣ್ಣು ಬೇಕು. ಮೂಲೆಯ ಸ್ಕ್ಯಾನಿಂಗ್ ಸೆಂಟರ್‌ನ ಹಳೇ ಯಂತ್ರದಲ್ಲಿ ಅದು ಕಾಣದಿದ್ದರೆ 'ಇಲ್ಲ' ಅಂತ ಅರ್ಥ ಅಲ್ಲ, 'ನೋಡಿಲ್ಲ' ಅಂತ ಅರ್ಥ.

ಕಾದು ಕೂರೋಕೂ ಆಗಲ್ಲ

ಇಷ್ಟೆಲ್ಲ ಓದಿ 'ಹಾಗಾದರೆ ಯಾವ ಪರೀಕ್ಷೆಯನ್ನೂ ನಂಬಬಾರದು' ಅಂತ ಯಾರಾದರೂ ಅಂದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ಎಂಎಸ್‌ಗೆ ಈಗ ಒಳ್ಳೆಯ ಔಷಧಿಗಳಿವೆ, ಬೇಗ ಶುರು ಮಾಡಿದಷ್ಟೂ ಲಾಭ ಹೆಚ್ಚು. ನರ ಒಮ್ಮೆ ಹೋದರೆ ವಾಪಸ್ ಬರಲ್ಲ. ಮಾನದಂಡಗಳನ್ನು ಸಡಿಲಿಸುತ್ತಾ ಬಂದಿರುವುದರ ಹಿಂದೆ ಇರುವ ಕಾಳಜಿ ಇದೇ, ಅದು ನ್ಯಾಯವಾದದ್ದು. ತಪ್ಪು ಹೆಸರಿಟ್ಟರೂ ನಷ್ಟ, ತಡವಾಗಿ ಇಟ್ಟರೂ ನಷ್ಟ. ಈ ಎರಡರ ನಡುವೆ ತೂಗುವ ತಕ್ಕಡಿಯೇ ಪರೀಕ್ಷಾ ಸಂಶೋಧನೆ. ತಕ್ಕಡಿ ಸರಿ ಇದೆಯಾ ಅಂತ ಕೇಳಿದವರನ್ನು ವ್ಯಾಪಾರದ ವಿರೋಧಿ ಅನ್ನಬಾರದು.

ಆದರೆ ಈ ತಕ್ಕಡಿಗೆ ಮುದ್ರೆ ಒತ್ತುವವರು ಯಾರು? ಲ್ಯಾಬ್‌ಗಳಿಗೆ ಎನ್‌ಎಬಿಎಲ್ ಮಾನ್ಯತೆ ಇದೆ, ಅದು ಕಡ್ಡಾಯವಲ್ಲ. ಕಿಟ್‌ಗಳಿಗೆ 2017ರ ವೈದ್ಯಕೀಯ ಸಾಧನಗಳ ನಿಯಮ ಇದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯೂ ಇದೆ. ಇವೆಲ್ಲ ಯಂತ್ರ, ಕೊಠಡಿ, ಸಿಬ್ಬಂದಿ, ಗುಣಮಟ್ಟ ನೋಡುತ್ತವೆ. 'ಈ ಪರೀಕ್ಷೆ ನಿಮ್ಮ ಊರಿನ ರೋಗಿಗಳಲ್ಲಿ ಎಷ್ಟು ಸಲ ಸರಿ ಹೇಳಿದೆ?' ಎಂಬ ಪ್ರಶ್ನೆ ಕೇಳುವವರಿಲ್ಲ. ಔಷಧ ಪ್ರಯೋಗಗಳನ್ನು 2009ರಿಂದ ಕಡ್ಡಾಯವಾಗಿ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಪರೀಕ್ಷೆಗಳ ನಿಖರತೆಯ ಅಧ್ಯಯನಗಳಿಗೆ ಅಂಥ ಒತ್ತಾಯ ಇಲ್ಲ. ಚೆನ್ನಾಗಿ ಬಂದ ಫಲಿತಾಂಶ ಅಚ್ಚಾಗುತ್ತದೆ, ಬಾರದ್ದು ಡ್ರಾಯರ್ ಸೇರುತ್ತದೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ದುಡ್ಡು ಕೇಳದ ಮೂರು ಕೆಲಸ ಹೇಳ್ತೀನಿ.

ಮೊದಲನೆಯದು ವರದಿಯ ಬಗ್ಗೆ. ಪ್ರತಿಕಾಯದ ವರದಿಯಲ್ಲಿ ಯಾವ ವಿಧಾನ, ಮಟ್ಟ ಎಷ್ಟು, ಪಾಸಿಟಿವ್ ಗೆರೆ ಎಲ್ಲಿದೆ ಅನ್ನೋದು ಕಡ್ಡಾಯವಾಗಿ ಅಚ್ಚಾಗಬೇಕು. 'ವೀಕ್ ಪಾಸಿಟಿವ್' ಅಂತ ಬರೆದರೆ, ಅಂಥದ್ದನ್ನು ಮತ್ತೆ ಪರೀಕ್ಷಿಸಬೇಕು ಎಂಬ ಒಂದು ಸಾಲು ಜೊತೆಗಿರಬೇಕು. ರಾಜ್ಯ ಆರೋಗ್ಯ ಇಲಾಖೆ ಒಂದು ಸುತ್ತೋಲೆಯಲ್ಲಿ ಇದನ್ನು ಹೇಳಬಹುದು.

ಎರಡನೆಯದು ಸಂಶೋಧನೆಯ ಬಗ್ಗೆ. ಮಂಗಳೂರಿನವರು ರಿಜಿಸ್ಟ್ರಿ ಮಾಡಿ ತೋರಿಸಿದ್ದಾರೆ. ನಿಮ್ಹಾನ್ಸ್‌ಗೆ ಬರುವಷ್ಟು ವೈವಿಧ್ಯದ ರೋಗಿಗಳು ದೇಶದ ಬೇರೆ ಎಷ್ಟು ಕಡೆ ಸಿಗುತ್ತಾರೆ? 2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಕೂಡ ಸೇರಿ ಶುರು ಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಜಾಲ ಜಿಲ್ಲೆಗಳಲ್ಲಿದೆ. ಅನುಮಾನದ ಮೇಲೆ ಬಂದ ರೋಗಿಗಳನ್ನು ಆರಿಸದೆ, ಬಂದ ಸಾಲಿನಲ್ಲೇ ನೋಂದಾಯಿಸಿ, ಕ್ಷಯ, ಬಿ12, ಲಾಡಿಹುಳು ಎಲ್ಲರನ್ನೂ ಸೇರಿಸಿಕೊಂಡು, ಐದು ಹತ್ತು ವರ್ಷ ಹಿಂಬಾಲಿಸಿದರೆ ಹೊಸ ಪರೀಕ್ಷೆಗಳ ನಿಜವಾದ ಅಂಕಿ ಸಿಗುತ್ತದೆ. ಇಂಥ ಅಧ್ಯಯನವನ್ನು ಹೇಗೆ ವರದಿ ಮಾಡಬೇಕು ಅನ್ನೋದಕ್ಕೆ 30 ಅಂಶಗಳ ಸ್ಟಾರ್ಡ್ ಪಟ್ಟಿ 2015ರಿಂದಲೇ ಸಿದ್ಧವಾಗಿದೆ.

ಮೂರನೆಯದು ಪ್ಯಾಕೇಜ್‌ಗಳ ಬಗ್ಗೆ. ಪ್ರತಿಕಾಯದ ಪರೀಕ್ಷೆಯನ್ನು ಆರೋಗ್ಯ ತಪಾಸಣೆಯ ಕಾಂಬೋ ಥರ ಮಾರಬಾರದು. ನರರೋಗ ತಜ್ಞರು ರೋಗಿಯನ್ನು ನೋಡಿ ಬರೆದುಕೊಟ್ಟರೆ ಮಾತ್ರ ಮಾಡಬೇಕು. ಆಗ ಸಾಲಿನಲ್ಲಿ ನಿಲ್ಲುವವರು ಬದಲಾಗುತ್ತಾರೆ, ಅದೇ ಕಿಟ್‌ನ ಮಾತಿಗೆ ತೂಕ ಬರುತ್ತದೆ.

ನೀವೋ ನಿಮ್ಮ ಮನೆಯವರೋ ಇಂಥ ವರದಿ ಹಿಡಿದುಕೊಂಡು ಕೂತಿದ್ದರೆ ಗಾಬರಿಯಾಗಿ ಔಷಧಿ ಬಿಡಬೇಡಿ, ಗೂಗಲ್ ಮಾಡಿ ಶುರುವನ್ನೂ ಮಾಡಬೇಡಿ. ಡಾಕ್ಟರನ್ನ ಈ ನಾಲ್ಕು ಪ್ರಶ್ನೆ ಕೇಳಿ: ಇದು ಯಾವ ವಿಧಾನದ ಪರೀಕ್ಷೆ? ಮಟ್ಟ ಎಷ್ಟು? ಇದಕ್ಕೆ ಬೇರೆ ಯಾವ ಕಾಯಿಲೆ ಕಾರಣ ಇರಬಹುದು, ಅದನ್ನ ನೋಡಿ ಆಯ್ತಾ? ಮತ್ತೆ ಯಾವಾಗ ಪರೀಕ್ಷಿಸೋಣ? ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಕೋಪ ಬರಲ್ಲ. ಅವರೂ ಅದನ್ನೇ ಯೋಚಿಸುತ್ತಿರುತ್ತಾರೆ.